ಎರಡು ಬೇವಿನ ನಡುವಿನ ಕತ್ತಲು

ದೆವ್ವ, ಶಕುನ, ಮುನ್ಸೂಚನೆ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಂಬುವವರನ್ನು ಲೆಕ್ಕ ಹಿಡಿದು ಸೋಲಿಸುವುದೂ ನನಗೊಂದು ಚಟವಾಗಿತ್ತು. ನಾನು ಮೂಡಲಗಿಯ ಒಂದು ಹಾಲು ಸಂಗ್ರಹ ಕೇಂದ್ರದಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ ಮಾಡುತ್ತೇನೆ. ಅಮಾವಾಸ್ಯೆಯ ದಿನ ಎಮ್ಮೆ ಹಾಲು ತೆಳ್ಳಗಾಗುತ್ತದೆ ಎಂದು ಅಲ್ಲಿಗೆ ಹಾಲು ತರುವ ಹಿರಿಯರೊಬ್ಬರು ತಿಂಗಳಿಗೊಮ್ಮೆ ತಪ್ಪದೆ ಹೇಳುತ್ತಿದ್ದರು. ನಾನು ಹದಿಮೂರು ಅಮಾವಾಸ್ಯೆಗಳ ಲೆಕ್ಕವನ್ನು ವಹಿಯಲ್ಲಿ ಬರೆದಿಟ್ಟುಕೊಂಡು (ನಮ್ಮ ಕಡೆ ನೋಟ್‌ಬುಕ್ಕಿಗೆ ವಹಿ ಎನ್ನುತ್ತೇವೆ) ಹದಿನಾಲ್ಕನೆಯದರ ದಿನ ಅವರ ಮುಂದೆ ಹಿಡಿದೆ. ಅಮಾವಾಸ್ಯೆಗೂ ಹಾಲಿಗೂ ಯಾವ ಸಂಬಂಧವೂ ಕಂಡಿರಲಿಲ್ಲ. ಅವರು ಕಣ್ಣು ಕಿರಿದು ಮಾಡಿ ಎಲ್ಲವನ್ನೂ ನೋಡಿದರು. "ಖರೆ ಐತಿ ಬಿಡಪಾ. ಆದ್ರ ನಮ್ಮ ಎಮ್ಮಿಗೆ ಓದಾಕ ಬರಂಗಿಲ್ಲಲ್ಲ" ಎಂದು ಕ್ಯಾನು ಎತ್ತಿಕೊಂಡು ಹೋದರು.

ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದರಲ್ಲಿ ಐದು ತಿಂಗಳ ಒಂದು ಹೆಣ್ಣು ಕೂಸು ಬರುತ್ತದೆ. ಅದರ ಜೀವಕ್ಕೆ ನನ್ನ ಕೈಯಿಂದ ಅಪಾಯ ಆಗುವುದರಲ್ಲಿತ್ತು, ಆಗಲಿಲ್ಲ. ಕೂಸು ಚೆನ್ನಾಗಿದೆ. ಓದುವವರು ಕಡೆಯವರೆಗೆ ಉಸಿರು ಬಿಗಿಹಿಡಿದು ಕೂರಬೇಕಾಗಿಲ್ಲ. ನಾನು ಹಿಡಿದದ್ದೇ ಸಾಕು.

ನನ್ನ ಮನೆ ಇರುವುದು ಗೋಕಾಕದಲ್ಲಿ. ಅಲ್ಲಿಂದ ಹುಕ್ಕೇರಿ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಇಳಿಜಾರಿಗೆ, ಒಂದು ಹಳೆಯ ಗಾಲ್ಫ್ ಮೈದಾನವಿದೆ. ಎಂದೋ ಮುಚ್ಚಿಹೋದ ಕಾರ್ಖಾನೆಯೊಂದರ ಸಾಹೇಬರು ತಮಗಾಗಿ ಮಾಡಿಸಿಕೊಂಡದ್ದು. ಒಂಬತ್ತು ಕುಳಿಗಳಿದ್ದವಂತೆ. ನಾಲ್ಕನ್ನು ಜಾಲಿ ನುಂಗಿದೆ, ಐದು ಉಳಿದಿವೆ. ಕುಳಿಯ ಸುತ್ತ ನಮ್ಮ ಬಿಸಿಲಿಗೆ ಹುಲ್ಲು ನಿಲ್ಲುವುದಿಲ್ಲ. ಅದಕ್ಕೇ ಮರಳಿಗೆ ಗಾಡಿಯ ಸುಟ್ಟ ಎಣ್ಣೆ ಬೆರೆಸಿ ಹಾಸಿ, ಹಲಗೆ ಎಳೆದು ಸಮ ಮಾಡಿರುತ್ತಾರೆ. ಅದನ್ನು ಬ್ರೌನ್ ಎಂದು ಕರೆಯುತ್ತಾರೆ. ಆಡುವವರು ನಾವು ಆರು ಜನ, ಅದೂ ಭಾನುವಾರ ಬೆಳಿಗ್ಗೆ ಮಾತ್ರ. ಉಳಿದ ದಿನಗಳಲ್ಲಿ ಅಲ್ಲಿ ಸಿಗುವುದು ನವಿಲು, ದನ ಮತ್ತು ಶಿವಲಿಂಗ ಕಾಕಾ.

ಇದು ನಡೆದಾಗ ಕಾಕಾಗೆ ಎಪ್ಪತ್ತೆರಡು. ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದುಕೊಂಡೇ ಸಾಹೇಬರ ಕೋಲಿನ ಚೀಲ ಹೊತ್ತು, ಅವರು ಆಡುವುದನ್ನು ನೋಡಿ ನೋಡಿ ಆಟ ಕಲಿತವರು. ಸಾಹೇಬರೆಲ್ಲ ಹೋದರು, ಕಾಕಾ ಉಳಿದರು. ಹಣೆಗೆ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಕಾಲಿಗೆ ಯಾರೋ ಬಿಟ್ಟುಹೋದ ಮೊಳೆಯ ಬೂಟು. ನನಗೆ ಕೋಲು ಹಿಡಿಯಲು ಕಲಿಸಿದವರು ಅವರೇ. ಅವರ ಮೈದಾನದಲ್ಲಿ ಒಂದು ನಿಯಮ ಬೇರೆ ಕಡೆಗಿಂತ ಕಟ್ಟುನಿಟ್ಟಾಗಿತ್ತು. ಬೇರೆ ಕಡೆ ಚೆಂಡು ಗಿಡಗಂಟಿಯಲ್ಲಿ ಸಿಕ್ಕಿಕೊಂಡರೆ ಒಂದು ಹೊಡೆತದ ದಂಡ ಒಪ್ಪಿಕೊಂಡು, ಅದನ್ನು ಹೊರಗೆ ತೆಗೆದಿಟ್ಟು ಆಡಬಹುದು. ಕಾಕಾ ಅದಕ್ಕೆ ಬಿಡುತ್ತಿರಲಿಲ್ಲ. "ಗಿಡದಾಗ ಹೊಡದಾಂವ ಗಿಡದಾಗಿಂದನ ಹೊರಗ ಬರಬೇಕು. ಕೈಲೆ ಎತ್ತಿಡಾಕ ಅದೇನ್ ಬದನಿಕಾಯಿ ಏನು?" ಎನ್ನುತ್ತಿದ್ದರು.

ಈ ನಿಯಮದಿಂದಲೇ ನನಗೆ ಗಿಡಗಳ ನಡುವಿನ ಆಟದ ಹುಚ್ಚು ಹತ್ತಿತು. ಬಯಲಿನಲ್ಲಿ ನನ್ನ ಆಟ ತೀರ ಸಾಧಾರಣ. ಆದರೆ ಚೆಂಡು ಜಾಲಿಯ ಬುಡದಲ್ಲಿ ಬಿದ್ದಿದ್ದರೆ, ಬೆನ್ನಿಗೆ ಮುಳ್ಳು, ಮುಂದೆ ಕೊಂಬೆ, ಕಾಲಿಡಲು ಅರ್ಧ ಗೇಣು ಜಾಗ ಇದ್ದರೆ, ಆಗ ನನಗೆ ಸಂತೋಷ. ಕೊಂಬೆಯ ಕೆಳಗಿಂದ ಹೋಗಬೇಕಾದರೆ ಚೆಂಡನ್ನು ಬಲಗಾಲಿನ ಎದುರಿಗೆ ಇಟ್ಟುಕೊಂಡು, ಮೈಭಾರವನ್ನು ಎಡಗಾಲಿಗೆ ಹಾಕಿ, ಕೋಲನ್ನು ಸೊಂಟದ ಮೇಲೆ ಎತ್ತದೆ ಗಟ್ಟಿಯಾಗಿ ಕುಟ್ಟಬೇಕು. ಚೆಂಡು ನೆಲದಿಂದ ಮೊಣಕಾಲೆತ್ತರದಲ್ಲಿ ಕಲ್ಲು ಬೀಸಿದ ಹಾಗೆ ಹೋಗುತ್ತದೆ. ಬೋರಿ ಗಿಡದ ಕೆಳಗೆ ಮಂಡಿಯೂರಿ ಹೊಡೆಯಬಹುದು. ಮರದ ಬೊಡ್ಡೆ ಬಲಕ್ಕೆ ಅಡ್ಡವಿದ್ದರೆ ಕೋಲನ್ನು ತಿರುವಿ ಹಿಡಿದು ಎಡಗೈಯವನಂತೆ ಹೊಡೆಯಬಹುದು. ಇದನ್ನೆಲ್ಲ ಅಭ್ಯಾಸ ಮಾಡಲು ನಾನು ವಾರದ ನಡುವೆ ಒಬ್ಬನೇ ಹೋಗಿ, ಬೇಕೆಂದೇ ಗಿಡಗಳಿಗೆ ಹತ್ತಿರವಾಗಿ ಹೊಡೆಯುತ್ತಿದ್ದೆ. "ಮಂದಿ ಗಿಡ ತಪ್ಪಿಸಾಕ ಆಡತಾರ, ನೀ ಗಿಡ ಹುಡುಕ್ಯಾಡಾಕ ಆಡತಿ. ಆಡು ಆಗಿ ಹುಟ್ಟಬೇಕಾಗಿತ್ತು ನೋಡ" ಎಂದು ಕಾಕಾ ನಗುತ್ತಿದ್ದರು.

ಪ್ರತಿಯೊಂದು ಹೊಡೆತವೂ ವಹಿಯಲ್ಲಿ ಇರುತ್ತಿತ್ತು. ಹಾಲಿನ ಕೇಂದ್ರದ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದೆ. ಅಲ್ಲಿ ಮೊದಲು ಮಾದರಿಯ ನಂಬರ್ ಬರೆಯಬೇಕು, ಆಮೇಲೆ ಪರೀಕ್ಷೆ, ಕಡೆಗೆ ಫಲ. ಎಲ್ಲವನ್ನೂ ಆಮೇಲೆ ಬರೆಯುತ್ತೇನೆಂದರೆ ಮನಸ್ಸು ತನಗೆ ಬೇಕಾದಂತೆ ಬರೆಸುತ್ತದೆ. ಹಾಗಾಗಿ ಐದು ಕಾಲಂ: ದಿನ, ಚೆಂಡು ಬಿದ್ದ ಜಾಗ, ಕೋಲಿನ ನಂಬರ್, ಗುರಿ, ಫಲ. ಮೊದಲ ನಾಲ್ಕನ್ನು ತುಂಬದೆ ಚೆಂಡಿಗೆ ಕೋಲು ತಾಗಿಸುವಂತಿಲ್ಲ. ಐದನೆಯದು ಹೊಡೆದ ಮೇಲೆ. ಅದರಲ್ಲಿ ನಾನು ಬರೆಯುತ್ತಿದ್ದದ್ದು ಮೂರೇ ಪದ: ಹೊರಗೆ, ಒಳಗೆ, ಕಳೆಯಿತು. ನಾನು ಹೇಳಹೊರಟ ಗುರುವಾರದ ಹೊತ್ತಿಗೆ ಮುನ್ನೂರ ಹನ್ನೊಂದು ಸಾಲುಗಳಾಗಿದ್ದವು. ನೂರ ಎಪ್ಪತ್ತನಾಲ್ಕು ಹೊರಗೆ, ತೊಂಬತ್ತಾರು ಒಳಗೆ, ನಲವತ್ತೊಂದು ಕಳೆಯಿತು.

ಮೂರು ವರ್ಷದ ಹಿಂದೆ, ಕಾರ್ತಿಕ ಮಾಸ. ತಾರೀಖು ವಹಿಯಲ್ಲಿದೆ, ಓದುಗರಿಗೆ ಅದರಿಂದ ಉಪಯೋಗವಿಲ್ಲ. ಬೆಳಗಿನ ಹಾಲು ಮುಗಿದ ಮೇಲೆ ಕೇಂದ್ರದ ಮೇಜಿನ ಮೇಲೆ ವಹಿ ಇಟ್ಟು, ಹೊಸ ಪುಟಕ್ಕೆ ಪಟ್ಟಿ ಇಟ್ಟು ಗೆರೆ ಹಾಕಿದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸಂಜೆಯ ಹಾಲನ್ನು ಜೊತೆಯವನೊಬ್ಬ ನೋಡಿಕೊಳ್ಳುವುದಿತ್ತು. ನಾನು ಬೈಕಿನಲ್ಲಿ ಗೋಕಾಕಕ್ಕೆ ಬಂದು, ಊಟ ಮಾಡಿ, ಮೂರೂವರೆಗೆ ಮೈದಾನದಲ್ಲಿದ್ದೆ. ಕಾಕಾ ಮೂರನೇ ಬ್ರೌನಿನ ಮೇಲೆ ಹಲಗೆ ಎಳೆಯುತ್ತಿದ್ದರು. ಗುಡ್ಡದ ಆಚೆ ಕುರಿಗಳ ದನಿ ಕೇಳುತ್ತಿತ್ತು. ಕೌಜಲಗಿ ಕಡೆಯ ಕುರುಬರು ಆ ವಾರ ಆಚೆ ಬದಿಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದರು. ಪ್ರತಿವರ್ಷವೂ ಬರುತ್ತಾರೆ. ಗುಡ್ಡದ ಈಚೆಗೆ ಅವರು ಇಳಿದದ್ದನ್ನು ನಾನು ನೋಡಿರಲಿಲ್ಲ.

ನಾಲ್ಕನೇ ಕುಳಿಗೆ ಹೊಡೆದ ಚೆಂಡು ನಾನು ಬಯಸಿದ್ದಕ್ಕಿಂತ ಹೆಚ್ಚೇ ಬಲಕ್ಕೆ ತಿರುಗಿ ದೊಡ್ಡ ಮುಳ್ಳುಗಂಟಿಯೊಳಗೆ ಹೋಯಿತು. ಅದು ಆ ಮೈದಾನದ ಅತಿ ಕೆಟ್ಟ ಜಾಗ. ಮುಂದೆ ಜಾಲಿ, ಒಳಗೆ ಲಂಟಾನ, ನಡುನಡುವೆ ಬೇವು. ಬಗ್ಗಿಕೊಂಡು, ಅಂಗಿ ಹರಿದುಕೊಂಡು ಹೋಗಿ ನೋಡಿದರೆ ಚೆಂಡು ಒಂದು ಜಾಲಿಯ ಬೇರಿನ ಪಕ್ಕ ಒಣ ಎಲೆಯ ಮೇಲೆ ಕೂತಿತ್ತು. ಬಂದ ದಾರಿಯಲ್ಲಿ ಹಿಂದಕ್ಕೆ ಹೊಡೆಯುವಂತಿರಲಿಲ್ಲ. ಎಡಕ್ಕೆ ಲಂಟಾನದ ಗೋಡೆ. ಮುಂದಕ್ಕೆ ಮಾತ್ರ ಒಂದು ದಾರಿಯಿತ್ತು. ಕೆಳಗೆ ಜೋತುಬಿದ್ದ ಕೊಂಬೆಗಳ ಅಡಿಯಿಂದ, ಸುಮಾರು ನಲವತ್ತು ಹೆಜ್ಜೆ ದೂರದಲ್ಲಿ, ಎರಡು ಬೇವಿನ ಬೊಡ್ಡೆಗಳ ನಡುವೆ ಒಂದು ಸಂದು. ಸೂರ್ಯ ಆ ಕಡೆಯಿಂದಲೇ ಕಣ್ಣಿಗೆ ಹೊಡೆಯುತ್ತಿದ್ದ. ಬೊಡ್ಡೆಗಳ ಅಂಚು ಹೊಳೆಯುತ್ತಿತ್ತು, ನಡುವಿನ ಜಾಗ ಕಿಟಕಿಯ ಹಾಗೆ ಕಪ್ಪಗಿತ್ತು. ಗುರಿ ಹಿಡಿಯಲು ಅದಕ್ಕಿಂತ ಒಳ್ಳೆಯದು ಬೇಡ. ಬಯಲಿನ ಬೆಳಕಿಗಿಂತ ಒಂದು ಕಪ್ಪು ಕಲೆಗೆ ಗುರಿ ಇಡುವುದು ಯಾವಾಗಲೂ ಸುಲಭ.

ಕುಕ್ಕರಗಾಲಲ್ಲಿ ಕೂತು, ವಹಿಯನ್ನು ಮೊಣಕಾಲ ಮೇಲಿಟ್ಟು ಬರೆದೆ. ಜಾಗ: ಜಾಲಿಯ ಬೇರು, ಒಣ ಎಲೆ. ಕೋಲು: ಏಳು. ಗುರಿ: ಎರಡು ಬೇವಿನ ನಡುವಿನ ಕತ್ತಲು. ವಹಿ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಅಂಗಿಯ ಜೇಬಿಗೆ ಇಟ್ಟೆ. ಪೆನ್ನೂ ಅದೇ ಜೇಬಿಗೆ ಹೋಯಿತು. ಎದ್ದು ಎರಡು ಸಲ ಚೆಂಡಿಗೆ ತಾಗಿಸದೆ ಬೀಸಿ ನೋಡಿದೆ. ಏಳನೇ ನಂಬರಿನ ಕೋಲು ಚೆಂಡನ್ನು ಸ್ವಲ್ಪ ಎತ್ತುತ್ತದೆ, ಕೊಂಬೆಗೆ ಬಡಿಯಬಹುದು ಎನ್ನಿಸಿತು. ಐದನೆಯದನ್ನು ತೆಗೆದುಕೊಂಡೆ. ಅದರಿಂದ ಹೊಡೆದರೆ ಇನ್ನೂ ತಗ್ಗಿನಲ್ಲಿ, ಇನ್ನೂ ಜೋರಾಗಿ ಹೋಗುತ್ತದೆ. ಕೋಲು ಬದಲಾಯಿತಲ್ಲ, ವಹಿಯಲ್ಲಿ ತಿದ್ದಬೇಕು. ತೆರೆದೆ.

ಫಲದ ಕಾಲಂನಲ್ಲಿ "ಹೊಡೆಯಲಿಲ್ಲ" ಎಂದು ಬರೆದಿತ್ತು.

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ವಹಿಯಲ್ಲಿ ಗಲೀಜು ಆಗುವುದು ನನಗೆ ಆಗುವುದಿಲ್ಲ. ಅಕ್ಷರ ನನ್ನದೇ. ನಾನು 'ಯ'ವನ್ನು ಎಡಕ್ಕೆ ವಾಲಿಸಿ ಬರೆಯುತ್ತೇನೆ, ಇಲ್ಲೂ ವಾಲಿತ್ತು. ಅದೇ ನೀಲಿ ಶಾಯಿ. ಆದರೆ ಆ ಸಾಲಿನ ಉಳಿದ ಅಕ್ಷರಗಳು ಮೊಣಕಾಲ ಮೇಲೆ ಬರೆದವು, ಅಲುಗಾಡಿದ್ದವು. ಈ ಒಂದು ಪದ ಮೇಜಿಗೆ ಕೂತು ಬರೆದಷ್ಟು ನೆಟ್ಟಗಿತ್ತು. ನಾನು ಗಂಟಿಯ ಒಳಗಿಂದಲೇ ಕೂಗಿದೆ.

"ಕಾಕಾ! ನನ್ನ ವಹಿ ಮುಟ್ಟೀರೇನ್ರಿ?"

ದೂರದಿಂದ ಉತ್ತರ ಬಂತು. "ನಿನ್ನ ವಹಿ ಯಾರ ಮುಟ್ಟತಾರೋ ಮಾರಾಯಾ? ಸ್ನಾನ ಮಾಡಿ ಮುಟ್ಟೋ ವಹಿ ಅದು! ಚೆಂಡ ಸಿಕ್ತೋ ಇಲ್ಲೋ?"

"ಸಿಕ್ಕೈತ್ರಿ."

"ಮತ್ತ ಹೊಡಿ. ಹೊತ್ತ ಮುಳಗೂತನಕ ಮುಹೂರ್ತ ನೋಡಾಂವ ಏನು?"

ನಾನು ಮತ್ತೆ ಚೆಂಡಿನ ಪಕ್ಕ ನಿಂತೆ. ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು. ಆ ಪದಕ್ಕೆ ಬೆಲೆ ಕೊಟ್ಟು ನಾನು ನಿಲ್ಲಲಿಲ್ಲ. ಏನೋ ಅನಿಷ್ಟ ಕಾದಿದೆ ಎಂದು ಒಳಗಿನಿಂದ ಯಾರೂ ಹೇಳಲಿಲ್ಲ. ಕೋಲನ್ನು ಹಿಂದಕ್ಕೆ ತೆಗೆದಿದ್ದೆ ಕೂಡ. ಆಗ ಹೊಳೆದದ್ದು ಒಂದು ಕ್ಷುಲ್ಲಕ ವಿಷಯ. ಫಲದ ಕಾಲಂ ತುಂಬಿದ ಸಾಲು ಮುಗಿದ ಸಾಲು. ಅದರ ಮೇಲೆ ಇನ್ನೊಂದು ಫಲ ಬರೆಯುವಂತಿಲ್ಲ, ಹೊಡೆದು ತೋರಿಸಲೇಬೇಕಾದರೆ ಹೊಸ ಸಾಲು ಬರೆಯಬೇಕು. ಹೊಸ ಸಾಲು ಎಂದರೆ ಮತ್ತೆ ಜಾಗ, ಕೋಲು, ಗುರಿ. ಕೇಂದ್ರದಲ್ಲಿ ಒಂದು ಮಾದರಿಯನ್ನು ಎರಡನೇ ಸಲ ಪರೀಕ್ಷೆ ಮಾಡುವಾಗ ನಾವು ಹಳೆಯದನ್ನು ನಕಲು ಮಾಡುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ನೋಡುತ್ತೇವೆ. ಅದೇ ಅಭ್ಯಾಸಬಲ. ಗುರಿಯನ್ನು ಹತ್ತಿರದಿಂದ ನೋಡಿ, ಹೆಜ್ಜೆ ಎಣಿಸಿ, ದೂರವನ್ನೂ ಬರೆದುಬಿಡೋಣ ಎಂದುಕೊಂಡು ಕೋಲು ಹಿಡಿದೇ ಗಂಟಿಯಿಂದ ಹೊರಬಿದ್ದು, ಮುಳ್ಳು ತಪ್ಪಿಸಿಕೊಂಡು ಸುತ್ತಿ ಆಚೆ ಕಡೆಗೆ ಹೋದೆ.

ಎರಡು ಬೇವಿನ ನಡುವೆ ಕತ್ತಲು ಇರಲಿಲ್ಲ. ಬೊಡ್ಡೆಯಿಂದ ಬೊಡ್ಡೆಗೆ ಹಗ್ಗ ಬಿಗಿದು, ಒಂದು ಕರಿ ಕಂಬಳಿಯನ್ನು ಜೋಳಿಗೆಯಾಗಿ ಕಟ್ಟಿದ್ದರು. ಅದರ ಒಂದು ಅಂಚು ಮುಸುಕಿನ ಹಾಗೆ ಇಳಿಬಿದ್ದಿತ್ತು. ಒಳಗೆ ಕೂಸು ಮಲಗಿತ್ತು. ಕೆನ್ನೆಗೆ ಕಾಡಿಗೆಯ ಬೊಟ್ಟು, ಬಾಯಿಯ ಪಕ್ಕ ಒಣಗಿದ ಹಾಲು. ಜೋಳಿಗೆ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು. ನಾನು ಹೊಡೆಯಬೇಕೆಂದಿದ್ದ ಚೆಂಡು ಹೋಗುತ್ತಿದ್ದದ್ದು ಅಷ್ಟೇ ಎತ್ತರದಲ್ಲಿ.

ಕೋಲು ಕೈಯಲ್ಲೇ ಇತ್ತು. ಗುಡ್ಡದ ಮೇಲಿಂದ ಒಬ್ಬ ಹೆಂಗಸು ಇಳಿದು ಬಂದಳು. ಕೈ ಮೊಣಕೈವರೆಗೆ ರಕ್ತ. ಮೇಲೆ ಕುರಿಯೊಂದು ಮರಿ ಹಾಕುತ್ತಿತ್ತಂತೆ, ಅದನ್ನು ನೋಡಿಕೊಳ್ಳಲು ಕೂಸನ್ನು ಇಲ್ಲಿ ತೂಗುಬಿಟ್ಟು ಹೋಗಿದ್ದಳು. ಮೂರು ಕಡೆ ಮುಳ್ಳು ಇದ್ದ ಜಾಗ, ನಾಯಿ ಬರುವುದಿಲ್ಲ, ಗಾಳಿಯೂ ಆಡುತ್ತದೆ. ಅವಳ ಹೆಸರು ಲಕ್ಕವ್ವ ಎಂದು ಆಮೇಲೆ ತಿಳಿಯಿತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.

"ಯಾರಪಾ ನೀ? ಕೂಸಿನ ಮ್ಯಾಲೆ ಬಡಿಗಿ ಹಿಡಕೊಂಡ ಯಾಕ ನಿಂತಿ?"

ನಾನು ಹೇಗೋ ಹೇಳಿದೆ. ಆ ಬದಿಯಲ್ಲಿ ಚೆಂಡು ಇದೆ, ಇಲ್ಲಿಗೆ ಹೊಡೆಯುವುದರಲ್ಲಿದ್ದೆ, ಕೂಸು ಇರುವುದು ಕಾಣಲಿಲ್ಲ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಕೋಲನ್ನು ಮೇಲಿಂದ ಕೆಳಗೆ ನೋಡಿದಳು.

"ಚೆಂಡ ಆಡಾಕ ಇಷ್ಟ ದೊಡ್ಡ ಕಬ್ಬಿಣ ಬೇಕ? ಮೀಸಿ ಬಂದಾವಲ್ಲೋ ನಿನಗ!"

ಜೇಬಿನಲ್ಲಿದ್ದ ಇನ್ನೊಂದು ಚೆಂಡನ್ನು ತೆಗೆದು ಅವಳ ಅಂಗೈಗೆ ಹಾಕಿದೆ. ಅವಳು ತೂಗಿ ನೋಡಿದಳು. ಬೇವಿನ ಬೊಡ್ಡೆಗೆ ಒಮ್ಮೆ ಕುಟ್ಟಿದಳು. ಅವಳ ಮುಖದ ನಗು ಹೋಯಿತು.

"ಯವ್ವಾ. ಇದು ಕಲ್ಲ."

ರಕ್ತದ ಕೈಯನ್ನು ಸೀರೆಗೆ ಒರೆಸಿಕೊಂಡು ಕೂಸನ್ನು ಜೋಳಿಗೆಯಿಂದ ಎತ್ತಿ, ನನಗೆ ಬೆನ್ನು ಮಾಡಿ ನಿಂತಳು. ಅದರ ತಲೆ, ಕೈಕಾಲು ಸವರಿ ನೋಡಿದಳು. ಆಮೇಲೆ ತಿರುಗಿ ಕೇಳಿದಳು.

"ಹೊಡದೀಯೇನು?"

"ಇಲ್ಲಕ್ಕಾ."

"ಹೊಡೀಲಿಲ್ಲಲ್ಲ?"

"ಹೊಡೀಲಿಲ್ಲ."

"ಮತ್ಯಾಕ ಅಳತಿ? ಕೂಸ ಸುಮ್ಮನ ಮಲಗೇತಿ, ಅದರ ಬದಲಿ ನೀ ಅಳಾಕತ್ತೀಯೇನ? ನೀರ ಕುಡಿ ಬಾ ತಮ್ಮಾ."

ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಆಗಲೇ. ಅವಳು ಕೊಟ್ಟ ಪ್ಲಾಸ್ಟಿಕ್ ಕ್ಯಾನಿನ ನೀರಿಗೆ ಕುರಿಯ ವಾಸನೆ ಇತ್ತು. ಅರ್ಧ ಕ್ಯಾನು ಖಾಲಿ ಮಾಡಿದೆ.

ಇಷ್ಟು ಹೊತ್ತಾದರೂ ನಾನು ಹೊರಬರಲಿಲ್ಲವೆಂದು ಕಾಕಾ ಹಲಗೆ ಬಿಟ್ಟು ಹುಡುಕಿಕೊಂಡು ಬಂದರು. ಅವರಿಗೂ ಹೇಳಿದೆ, ಗೊತ್ತಾಗದೆ ಅತ್ತದ್ದನ್ನೂ ಸೇರಿಸಿ. ಅವರು ಜೋಳಿಗೆಯನ್ನು ನೋಡಿದರು, ಸಂದಿನಿಂದ ಗಂಟಿಯ ಒಳಗೆ ಇಣುಕಿ ನೋಡಿದರು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ತಪ್ಪ ನಂದವ್ವಾ. ಗಿಡದಾಗಿಂದನ ಹೊಡೀಬೇಕಂತ ಕಾನೂನು ಮಾಡಿದಾಂವ ನಾ" ಎಂದರು.

"ನಿಮ್ಮ ಕಾನೂನಿಗೆ ಬೆಂಕಿ ಹಚ್ಚರಿ ಅಜ್ಜಾರ. ಮೊದಲ ಈ ಬಾಜೂ ಯಾರದಾರ ಅಂತ ನೋಡಾಕ ಕಲಸರಿ ಇವಂಗ" ಎಂದಳು ಲಕ್ಕವ್ವ. ಅಷ್ಟರಲ್ಲಿ ಮೇಲಿನಿಂದ ಕುರಿ ಕೂಗಿತು. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಕಂಬಳಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹತ್ತಿ ಹೋದಳು. ಕಂಬಳಿ ಹೋದ ಮೇಲೆ ಬೇವಿನ ಸಂದಿನಲ್ಲಿ ಬಿಸಿಲು ಬಂತು. ಕಾಕಾ ಗಂಟಿಯೊಳಗೆ ಬಗ್ಗಿ ಹೋಗಿ ನನ್ನ ಚೆಂಡನ್ನು ಕೈಯಿಂದ ಎತ್ತಿಕೊಂಡು ಬಂದರು. ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಈಗ ನಮ್ಮ ಮೈದಾನದ ನಿಯಮವೇ ಬೇರೆ. ಚೆಂಡು ಗಿಡಕ್ಕೆ ಹೋದರೆ ಹೊಡೆಯುವವನು ಮೊದಲು ಗಂಟಿಯನ್ನು ಪೂರ್ತಿ ಸುತ್ತಿ ಬರಬೇಕು. ಆಟ ನಿಧಾನವಾಗುತ್ತದೆ, ಯಾರೂ ಗೊಣಗುವುದಿಲ್ಲ.

ವಹಿಯನ್ನು ಕಾಕಾಗೆ ತೋರಿಸಿದ್ದು ಬ್ರೌನಿನ ಪಕ್ಕದ ಕಲ್ಲಿನ ಮೇಲೆ ಕೂತ ಮೇಲೆ. ಲಕ್ಕವ್ವನ ಮುಂದೆ ಅದರ ಮಾತೆತ್ತಲು ನನಗೆ ಬಾಯಿ ಬಂದಿರಲಿಲ್ಲ. ಕಾಕಾ ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನೀನ ಬರದೀದಿ. ನಿನ್ನ ಕಣ್ಣ ಕಂಬಳಿ ನೋಡೇತಿ, ತಲಿಗೆ ಸುದ್ದಿ ಮುಟ್ಟಿಲ್ಲ, ಕೈಗೆ ಮೊದಲ ಮುಟ್ಟೇತಿ."

"ನಾ ವಹಿ ಮುಚ್ಚಿ ಜೇಬಿನಾಗ ಇಟ್ಟಿದ್ನೆಲ್ರಿ ಕಾಕಾ. ಬರಿಯೂದು ನನಗ ಗೊತ್ತಾಗಂಗಿಲ್ಲೇನ್ರಿ?"

"ಅಳೂದು ಗೊತ್ತಾತೇನ?"

ಕಾಕಾ ಹೇಳಿದ್ದೇ ನಿಜವಿರಬಹುದು. ಬಹಳ ದಿನ ಅದನ್ನೇ ಒಪ್ಪಿಕೊಳ್ಳಲು ನೋಡಿದೆ. ಆದರೆ ಅಲುಗಾಡದ ಆ ಅಕ್ಷರಗಳು ಅಡ್ಡ ಬರುತ್ತವೆ. ಬೆಳಿಗ್ಗೆ ಕೇಂದ್ರದ ಮೇಜಿನ ಮೇಲೆ ಗೆರೆ ಹಾಕುವಾಗಲೇ ಬರೆದಿದ್ದೆನೇ? ಯಾಕೆ ಬರೆಯಲಿ, ಅದೂ ಯಾವತ್ತೂ ಬಳಸದ ಪದವನ್ನು? ಗಂಟಿಯೊಳಗೆ ಸಾಲು ತುಂಬುವಾಗ ಐದನೇ ಕಾಲಂ ಖಾಲಿ ಇತ್ತೇ ಎಂದು ಕೇಳಿದರೆ, ಇತ್ತು ಎಂದು ನಾನು ಪ್ರಮಾಣ ಮಾಡಲಾರೆ. ಖಾಲಿ ಇರುವುದನ್ನು ಯಾರು ನೋಡುತ್ತಾರೆ? ಆದರೆ ತುಂಬಿದ್ದರೆ ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ.

ನನ್ನ ಸ್ವಭಾವದವನು ಅಲ್ಲಿಗೆ ಬಿಡುವುದಿಲ್ಲ. ಕುರುಬರು ಮುಂದಿನ ಊರಿಗೆ ಹೋದ ಮೇಲೆ, ಮರುವಾರ ಅದೇ ಹೊತ್ತಿಗೆ ಒಂದು ಕಂಬಳಿ ತಂದು ಅದೇ ಬೇವುಗಳ ನಡುವೆ ಅದೇ ಎತ್ತರಕ್ಕೆ ಕಟ್ಟಿದೆ. ಗಂಟಿಯೊಳಗೆ ಹೋಗಿ ಅದೇ ಜಾಲಿಯ ಬೇರಿನ ಬಳಿ ಕೂತು ನೋಡಿದೆ. ಮೂರು ಸಂಜೆ ಹೀಗೆ ಮಾಡಿದೆ. ಮೂರು ಸಂಜೆಯೂ ಕಂಡದ್ದು ಬರೀ ಕತ್ತಲು. ಅಲ್ಲಿ ಕಂಬಳಿ ಇದೆ ಎಂದು ಗೊತ್ತಿದ್ದೂ ಅದು ಕಂಬಳಿ ಎಂದು ಕಣ್ಣಿಗೆ ತೋರಲಿಲ್ಲ. ನಾಲ್ಕನೆಯ ಸಂಜೆ ಒಂದು ಕುಂಬಳಕಾಯಿ ತಂದು ಕಂಬಳಿಯೊಳಗೆ ಇಟ್ಟೆ. ಆ ಹೊಡೆತ ಗುರಿ ಮುಟ್ಟುತ್ತಿತ್ತೋ ಇಲ್ಲವೋ ತಿಳಿಯಬೇಕಿತ್ತು. ಹತ್ತು ಚೆಂಡು ಹೊಡೆದರೆ ಎಷ್ಟು ಬಡಿಯುತ್ತವೆ ಎಂದು ಎಣಿಸುವುದು ನನ್ನ ಯೋಜನೆ. ಹೊಸ ಸಾಲಿನಲ್ಲಿ ನಾಲ್ಕು ಕಾಲಂ ತುಂಬಿ, ಐದನೆಯದು ಖಾಲಿ ಇದೆ ಎಂದು ಎರಡು ಸಲ ನೋಡಿ, ಎದ್ದು ಚೆಂಡಿನ ಮುಂದೆ ನಿಂತೆ.

ಸಂದಿನಲ್ಲಿ ಕಾಕಾನ ತಲೆ ಕಾಣಿಸಿತು. ಅವರು ಕಂಬಳಿಯೊಳಗೆ ಕೈಹಾಕಿ ಕುಂಬಳಕಾಯಿಯನ್ನು ಎತ್ತಿಕೊಂಡು ಎದೆಗೆ ಅವಚಿಕೊಂಡಿದ್ದರು.

"ಇಡ್ರಿ ಕಾಕಾ ಅದನ್ನ. ಲೆಕ್ಕ ನೋಡಾಕತ್ತೇನಿ."

"ಹತ್ತರಾಗ ಒಂದು ಬಡೀತಿತ್ತು ಅಂತ ಗೊತ್ತಾದ್ರ ರಾತ್ರಿ ಮಲಗತೀ ಏನು? ಒಂದೂ ಬಡಿಲಿಲ್ಲಂದ್ರ ನಾಳೆ ಹನ್ನೊಂದನೇದು ಹೊಡೀತಿ. ನಿನ್ನ ನಾ ಬಲ್ಲಿನಿಲ್ಲೋ? ಕೂಸ ಉಳದೇತಿ, ಮನಿಗೆ ನಡಿ. ಇದನ್ನ ಪಲ್ಲೆ ಮಾಡಸತೇನಿ."

ಅವರು ಕುಂಬಳಕಾಯಿಯನ್ನು ನಿಜವಾಗಿಯೂ ಮನೆಗೆ ಒಯ್ದರು. ಮರುದಿನ ಡಬ್ಬಿಯಲ್ಲಿ ಪಲ್ಯ ತಂದು ಕೊಟ್ಟರು, ರೊಟ್ಟಿಯ ಜೊತೆ ಚೆನ್ನಾಗಿಯೇ ಇತ್ತು. ಆ ಸಾಲಿನ ಫಲದ ಕಾಲಂನಲ್ಲಿ ನಾನು ಮೊಣಕಾಲ ಮೇಲೆ ವಹಿ ಇಟ್ಟು "ಹೊಡೆಯಲಿಲ್ಲ" ಎಂದು ಬರೆದೆ. ಎರಡನ್ನೂ ಹೋಲಿಸಿ ನೋಡಿದ್ದೇನೆ. ಅಕ್ಷರ ಒಂದೇ, ಬರೆದ ಕೈ ಒಂದೇ ಎಂದು ಯಾರಾದರೂ ಹೇಳುತ್ತಾರೆ. ಎರಡನೆಯದು ನಡುಗಿದೆ, ಮೊದಲನೆಯದು ನಡುಗಿಲ್ಲ. ಅಮಾವಾಸ್ಯೆಯ ಹಿರಿಯರಿಗೆ ಈ ಸುದ್ದಿಯನ್ನು ಇನ್ನೂ ಹೇಳಿಲ್ಲ. ಹೇಳಿದರೆ ಆ ಹದಿಮೂರು ಅಮಾವಾಸ್ಯೆಗಳನ್ನೂ ವಾಪಸು ಕೇಳಿಯಾರು.

ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ಗುಡ್ಡದ ಆಚೆ ಕುರಿಗಳ ದನಿ ಕೇಳಿ ನಾನು ಹತ್ತಿ ಹೋದೆ. ಲಕ್ಕವ್ವ ಗುರುತು ಹಿಡಿದಳು. "ಬಾ ತಮ್ಮಾ, ಕಬ್ಬಿಣದ ಬಡಿಗಿ ತಂದಿಲ್ಲಲ್ಲ?" ಎಂದಳು. ಈ ಸಲ ವಹಿಯ ಸಂಗತಿಯನ್ನು ಅವಳಿಗೆ ಹೇಳಿದೆ. ಪೂರ್ತಿ ಕೇಳಿ, ಒಂದು ಕ್ಷಣ ಕೂಡ ಬೆರಗಾಗದೆ, "ಯಾರರ ಬರೀಲಿ. ನೀ ಓದಿದೆಲ್ಲ, ಅಷ್ಟ ಸಾಕು" ಎಂದಳು. ಅವಳಿಗೆ ಅದು ಸಾಕಾಯಿತು. ನನಗೆ ಸಾಕಾಗಿಲ್ಲ, ಇವತ್ತಿಗೂ ಇಲ್ಲ. ಬರೆದವರು ಯಾರು, ಯಾವಾಗ, ಹೇಗೆ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನನ್ನಲ್ಲಿ ಉತ್ತರವಿಲ್ಲ.

ನಾವು ಮಾತಾಡುತ್ತಿರುವಾಗ ಆ ಕೂಸು, ಬೀರವ್ವ, ಒಂದು ಕುರಿಮರಿಯ ಬಾಲ ಹಿಡಿಯಲು ಹೋಗಿ ಓಡಿತು. ಹೊಸದಾಗಿ ಕಲಿತ ಓಟ. ನಾಲ್ಕು ಹೆಜ್ಜೆಗೆ ಮುಗ್ಗರಿಸಿ ಬಿತ್ತು. ಮೊಣಕಾಲು ತರಚಿ ಸ್ವಲ್ಪ ರಕ್ತ ಬಂತು. ಮೊದಲು ತನ್ನ ಮೊಣಕಾಲನ್ನು ನೋಡಿಕೊಂಡಿತು, ಆಮೇಲೆ ನಮ್ಮನ್ನು ನೋಡಿತು, ಆಮೇಲೆ ಬಾಯಿ ತೆರೆದು ಕುರಿಗಳೆಲ್ಲ ತಲೆಯೆತ್ತುವ ಹಾಗೆ ಅತ್ತಿತು. ಲಕ್ಕವ್ವ ಎದ್ದು ಹೋಗಲಿಲ್ಲ, "ಏಳವ್ವಾ, ಏನಾಗಿಲ್ಲ" ಎಂದು ಕೂತಲ್ಲಿಂದಲೇ ಕರೆದಳು. ನಾನೂ ಕೂತೇ ಇದ್ದೆ. ಅಷ್ಟು ದೊಡ್ಡ ಅಳುವನ್ನು ಅಷ್ಟು ನೆಮ್ಮದಿಯಿಂದ ನಾನು ಎಂದೂ ಕೇಳಿರಲಿಲ್ಲ.